ಮುರುಗಲ ತುಪ್ಪ ಕುಡಿದ ಲಾರಿ

ಮುರುಗಲ ತುಪ್ಪದ ವಾಸನೆ ಬಂದರೆ ನನಗೆ ಪೆಟ್ರೋಲು ನೆನಪಾಗುತ್ತದೆ. ಹೀಗೆಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಮೊನ್ನೆ ಚಳಿಗೆ ಹಿಮ್ಮಡಿ ಒಡೆದಿದೆಯೆಂದು ನನ್ನ ತಂಗಿ ಮುರುಗಲ ಹಣ್ಣಿನ ಬೀಜದಿಂದ ತೆಗೆದ ಆ ತುಪ್ಪದ ಉಂಡೆಯನ್ನು ಸೌಟಿನಲ್ಲಿಟ್ಟು ಕರಗಿಸುತ್ತಿದ್ದಳು. ನಾನು ಹೊರಗಿನ ಕೋಣೆಯಿಂದ, “ಯಾರು ಕಾರ್ಬೊರೇಟರ್ ಬಿಚ್ಚಿದ್ದು?” ಎಂದು ಕೇಳಿಬಿಟ್ಟೆ. ಅವಳು ಸೌಟು ಹಿಡಿದುಕೊಂಡೇ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಶಿರಸಿಯಲ್ಲಿ ನಮ್ಮದು ವಾಹನಗಳ ಬಿಡಿಭಾಗದ ಅಂಗಡಿ. ಅಪ್ಪ ಇಟ್ಟದ್ದು, ಈಗ ನಾನು ನಡೆಸುತ್ತಿರುವುದು. ಹೊಸ ಗಾಡಿಗಳ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ, ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ನಮ್ಮಲ್ಲಿಗೆ ಬರುವವರು ಹಳೇ ಗಾಡಿಯವರು. ತುಕ್ಕು ಹಿಡಿದ ಯಾವುದೋ ಕಬ್ಬಿಣದ ತುಂಡನ್ನು ಪೇಪರಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟು, “ಇದು ಯಾವುದರದ್ದು ನೋಡಿ” ಎನ್ನುತ್ತಾರೆ. ಅದನ್ನು ತಿರುಗಿಸಿ ಮುರುಗಿಸಿ, ತಿಕ್ಕಿ, ಅಚ್ಚಿನ ಅಂಕಿ ಹುಡುಕಿ, ಇಂಥದ್ದೇ ಎಂದು ಹೇಳುವ ಕ್ಷಣವಿದೆಯಲ್ಲ, ಅದಕ್ಕಾಗಿಯೇ ನಾನು ಈ ಅಂಗಡಿಯನ್ನು ಮುಚ್ಚದೆ ಉಳಿಸಿಕೊಂಡಿದ್ದೇನೆ. ಕೌಂಟರಿನಲ್ಲಿ ಹೆಂಗಸನ್ನು ಕಂಡು, ಒಳಗೆ ಗಂಡಸರು ಯಾರಾದರೂ ಇದ್ದಾರೋ ಎಂದು ಇಣುಕುವವರನ್ನು ಮಾತ್ರ ಸುಮ್ಮನೆ ಕಾಯಿಸುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಎಂಬುದು ಪೇಟೆಗೆಲ್ಲ ಗೊತ್ತಿರುವ ಸಂಗತಿ.

ತುಪ್ಪಕ್ಕೂ ಪೆಟ್ರೋಲಿಗೂ ನಂಟಾದದ್ದು ವಾನಳ್ಳಿ ಕಡೆ ರಸ್ತೆ ಅಗಲ ಮಾಡಿದ ಬೇಸಿಗೆಯಲ್ಲಿ. ಪೇಟೆಗೆ ಬಂದವರ ತಲೆಯ ಮೇಲೆಲ್ಲ ಕೆಂಪು ಧೂಳು. ಹಾಗೆ ಧೂಳು ಹೊತ್ತುಕೊಂಡು ಒಂದು ಬೆಳಿಗ್ಗೆ ಬಂದವರು ಸಾವಿತ್ರಕ್ಕ. ಎಂಬತ್ತರ ಹತ್ತಿರ ವಯಸ್ಸು, ನೆಟ್ಟಗಿನ ಬೆನ್ನು. ಅವರು ಒಳಗೆ ಇಣುಕಲಿಲ್ಲ. ಕೈಚೀಲದಿಂದ ಕಪ್ಪಗಿನ, ಬಿರುಕು ಬಿಟ್ಟ ಒಂದು ಮುಚ್ಚಳ ತೆಗೆದು ನನ್ನ ಕೈಯಲ್ಲೇ ಇಟ್ಟರು.

“ಇದು ನಿಮ್ಮಲ್ಲಿ ಸಿಗ್ತದಾ ತಂಗಿ?”

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನದು. ಅಂಥದ್ದನ್ನು ನಾನು ಕೈಯಲ್ಲಿ ಹಿಡಿಯದೆ ಯಾವ ಕಾಲವಾಗಿತ್ತೋ. “ಯಾವ ಗಾಡಿದು ಅಕ್ಕ?” ಎಂದೆ.

“ಲಾರಿದು.”

“ಯಾವ ಲಾರಿ?”

“ನಮ್ಮನೆ ಲಾರಿ.”

ಅಷ್ಟು ಸಾಲದೇ ಎಂಬಂತೆ ನನ್ನನ್ನೇ ನೋಡಿದರು. ನನಗೆ ನಗು ಬಂತು, ಅವರಿಗೂ ಬಂತು. ಕೂರಿಸಿ ನೀರು ಕೊಟ್ಟೆ. ಆಮೇಲೆ ಕತೆ ಬಿಚ್ಚಿಕೊಂಡಿತು. ಅವರ ಯಜಮಾನರು, ಅಂದರೆ ಹೆಗಡೇರು, ಯಲ್ಲಾಪುರದ ಕಾಡಿನಿಂದ ಮರದ ನಾಟಾ ಸಾಗಿಸಲು ಇಟ್ಟುಕೊಂಡಿದ್ದ ಲಾರಿ. ಮಿಲಿಟರಿಯವರು ವಿಲೇವಾರಿ ಮಾಡಿದ ಅಮೆರಿಕದ ಗಾಡಿಯಂತೆ. ಸಾವಿತ್ರಕ್ಕ ಮದುವೆಯಾಗಿ ಬಂದದ್ದೂ ಅದರಲ್ಲೇ, ಇಡೀ ದಿಬ್ಬಣವೇ ಅದರ ಬೆನ್ನ ಮೇಲೆ ಕೂತು ಬಂದಿತ್ತು. ಹೆಗಡೇರಿಗೆ ಲಕ್ವ ಹೊಡೆದ ವರ್ಷ ಲಾರಿ ಕೊಟ್ಟಿಗೆ ಸೇರಿತು. ಅವರು ಕೆಲವು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡರು, ಲಾರಿ ಅಲ್ಲೇ ನಿಂತಿತು. ಈಗ ಆ ಕೊಟ್ಟಿಗೆ ರಸ್ತೆಗೆ ಹೋಗುತ್ತಿದೆ. ಮಳೆ ಹಿಡಿಯುವುದರೊಳಗೆ ಜೆಸಿಬಿ ಬರುತ್ತದೆ. ಗುಜರಿಯವನು ಆಗಲೇ ಬಂದು, ಗ್ಯಾಸ್ ಕಟ್ಟರಿನಲ್ಲಿ ಎಲ್ಲೆಲ್ಲಿ ಕೊಯ್ಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದ.

ಆ ಗೆರೆಗಳನ್ನು ಸಾವಿತ್ರಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿಹಾಕಿದ್ದರು. ಮಗ ಸುಬ್ರಾಯ ಒಳ್ಳೆಯವನು, ಅಮ್ಮನ ಸಂಕಟ ನೋಡಲಾಗದೆ ಫೋಟೋ ತೆಗೆದು ಅಲ್ಲಿಲ್ಲಿ ಕಳಿಸಿದ್ದ. ಹಳೇ ವಾಹನ ಕೂಡಿಸಿಡುವ ಹುಬ್ಬಳ್ಳಿಯ ಸಾಹುಕಾರರೊಬ್ಬರು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು. ಷರತ್ತು ಒಂದೇ. ಅದರದೇ ಎಂಜಿನ್ನು ಇರಬೇಕು, ಅದು ಓಡಬೇಕು. ಬೇರೆ ಎಂಜಿನ್ನು ಕೂರಿಸಿದ್ದಾಗಲಿ, ಬರೀ ಅಸ್ಥಿಪಂಜರವಾಗಲಿ ತಮಗೆ ಬೇಡ, ಅಂಥವು ಬೇಕಾದಷ್ಟಿವೆ ಎಂದಿದ್ದರು.

“ಓಡಿದ್ರೆ ಬದುಕ್ತು, ಇಲ್ದಿದ್ರೆ ಕೊಯ್ತಾರೆ. ನನ್ನ ಕಣ್ಣೆದುರಿಗೆ ಅದನ್ನು ಕೊಯ್ಯೂದು ಬೇಡ ತಂಗಿ,” ಎಂದರು ಸಾವಿತ್ರಕ್ಕ. ದನಿ ಏರಿಸಲಿಲ್ಲ, ಕಣ್ಣೀರೂ ಹಾಕಲಿಲ್ಲ. ಆದರೂ ನನಗೆ ಆ ದಿನ ಅಂಗಡಿಯಲ್ಲಿ ಕೂರಲು ಮನಸ್ಸಾಗಲಿಲ್ಲ.

ಹಳೇ ಎಂಜಿನ್ನೆಂದರೆ ನಾನು ನಂಬುವುದು ಹುಸೇನಣ್ಣನನ್ನು. ಯಲ್ಲಾಪುರ ರಸ್ತೆಯಲ್ಲಿ ಅವರದ್ದೊಂದು ಗ್ಯಾರೇಜು. ನನಗೂ ಅವರಿಗೂ ವಾರಕ್ಕೊಮ್ಮೆಯಾದರೂ ಜಗಳ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮರುದಿನವೇ ಅವರ ಜೀಪಿನಲ್ಲಿ ವಾನಳ್ಳಿಗೆ ಹೋದೆವು.

ಉದ್ದ ಮೂತಿಯ ಲಾರಿ. ಬಾನೆಟ್ಟಿನ ಮೇಲೆ ಹಳೇ ಸೀರೆ ಹಾಸಿ ಹಲಸಿನ ಹಪ್ಪಳ ಒಣಹಾಕಿದ್ದರು. ಕೋಲು ಹಿಡಿದು ಕಾಗೆ ಕಾಯುತ್ತ ಕೂತಿದ್ದವರು ಗಂಗಕ್ಕ, ಹೆಗಡೇರ ತಂಗಿ. ಪಕ್ಕದ ಊರಿಗೆ ಕೊಟ್ಟದ್ದು, ಬೇಸಿಗೆಯ ಹಪ್ಪಳದ ಕೆಲಸಕ್ಕೆ ತಪ್ಪದೆ ತವರಿಗೆ ಬರುತ್ತಾರೆ. ಮಾತಿನ ಮಲ್ಲಿ. ನಮಗೆ ಕಾಫಿ ಕೊಡುವಾಗ ಧೂಳು ಬಿಸಿಲಿಗೆ ಒಡೆದ ನನ್ನ ತುಟಿ ನೋಡಿ, “ಮುರುಗಲ ತುಪ್ಪ ಹಚ್ಚಿ. ಆದ್ರೆ ನಮ್ಮ ಅತ್ತಿಗೆ ಹತ್ರ ಕೇಳಬೇಡಿ. ಅವಳ ಕೈಗೆ ಸಿಕ್ಕ ತುಪ್ಪ ಎಲ್ಲ ತವರಿಗೆ ಹೋಗ್ತದೆ,” ಎಂದು ನಕ್ಕರು. ಆ ಮನೆಯಲ್ಲಿ ಅದು ಬಹಳ ಹಳೆಯ ತಮಾಷೆಯಂತೆ. ಒಂದಾನೊಂದು ಕಾಲದಲ್ಲಿ ವರ್ಷದ ತುಪ್ಪ ವರ್ಷ ತುಂಬುವ ಮೊದಲೇ ಖಾಲಿಯಾಗುತ್ತಿತ್ತು, ಸೊಸೆ ಕದ್ದು ತವರಿಗೆ ಸಾಗಿಸುತ್ತಾಳೆಂದು ಅತ್ತೆ, ಅಂದರೆ ಗಂಗಕ್ಕನ ತಾಯಿ, ಬಂದವರೆದುರಿಗೆಲ್ಲ ಹೇಳುತ್ತಿದ್ದರಂತೆ. ಅತ್ತೆ ಹೋದರು, ಮಾತು ಉಳಿಯಿತು. ಸಾವಿತ್ರಕ್ಕ ನಗಲೂ ಇಲ್ಲ, ಬೇಸರ ಮಾಡಲೂ ಇಲ್ಲ, ಹಪ್ಪಳ ಮಗುಚಿ ಹಾಕಿದರು.

ಹುಸೇನಣ್ಣ ಲಾರಿಯ ಕೆಳಗೆ ತೂರಿದರು. ನಾನು ಅಚ್ಚಿನ ಅಂಕಿ ಹುಡುಕಲು ಚಾಸಿಯ ಚೌಕಟ್ಟು ತಿಕ್ಕುತ್ತ ಕೂತೆ. ಹೆಗಡೇರು ಪ್ರತಿ ಆಯುಧಪೂಜೆಗೆ ಲಾರಿಗೆ ಹೊಸ ಬಣ್ಣ ಬಳಿಯುತ್ತಿದ್ದರಂತೆ. ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕೆಂಪು, ನಡುನಡುವೆ ಕುಂಕುಮ. ಕೆರೆದಷ್ಟೂ ಹಬ್ಬಗಳೇ ಬರುತ್ತಿದ್ದವು. ಕಡೆಗೆ ಮಿಲಿಟರಿ ಬಣ್ಣ ಬಂತು, ಅದರ ಮೇಲೆ ಅಚ್ಚಿನ ಅಂಕಿ. ಆ ಕಾಲದ ನಾಟಾ ಲಾರಿಗಳೆಂದರೆ ಹತ್ತು ಊರಿನ ಸಾಮಾನು ಸೇರಿಸಿ ಮಾಡಿದ ಕಲಸುಮೇಲೋಗರ. ಕಾಡಿನಲ್ಲಿ ಒಂದು ಕೆಟ್ಟು ನಿಂತರೆ ಇನ್ನೊಂದರಿಂದ ಬಿಚ್ಚಿ ಹಾಕುವುದು, ಹಿಂದಿರುಗಿಸುವುದು ಮರೆಯುವುದು. ಈ ಲಾರಿಯ ರೇಡಿಯೇಟರು ಬಸ್ಸಿನದು, ಹಿಂದಿನ ಆಕ್ಸಲ್ಲು ಯಾವುದೋ ಇಂಗ್ಲಿಷ್ ಗಾಡಿಯದು, ಒಂದು ಹೆಡ್‌ಲೈಟು ಟ್ರ್ಯಾಕ್ಟರಿನದು. ಎಂಜಿನ್ನಿನ ಅಂಕಿಯನ್ನು ಎರಡೆರಡು ಸಲ ಓದಿದೆ. ಅದು ಬೇರೆಯದಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಚಾಸಿಯ ಅಂಕಿಗೆ ಜೋಡಿಯಾದ ಅಂಕಿಯೇ ಅದು. ಫೋಟೋ ಕಳಿಸಿದೆ. ಹುಬ್ಬಳ್ಳಿಯವರು ಒಪ್ಪಿದರು.

ಆಮೇಲಿನ ದಿನಗಳು ಸಾಮಾನು ಹುಡುಕುವುದರಲ್ಲೇ ಹೋದವು. ಅಂಥ ತಿರುಗಾಟ ನನಗೆ ಇಷ್ಟ. ಯಲ್ಲಾಪುರದಲ್ಲಿ ಹಳೇ ನಾಟಾ ವ್ಯಾಪಾರಿಯೊಬ್ಬರ ಹಿತ್ತಿಲಿನಲ್ಲಿ ಲಾರಿಗಳ ಮೂಳೆಗಳನ್ನು ರಾಶಿ ಹಾಕಿದ್ದರು, ಮೇಲೆ ಕಾಡುಬಳ್ಳಿ ಹಬ್ಬಿತ್ತು. ಬಳ್ಳಿ ಸರಿಸುವ ಮೊದಲು ಹುಸೇನಣ್ಣ ಕೋಲಿನಿಂದ ನಾಲ್ಕಾರು ಸಲ ಬಡಿದರು. “ಸ್ಪೇರ್ ಪಾರ್ಟ್‌ಗಿಂತ ಮೊದಲು ಹಾವು ಸಿಗ್ತದೆ ಇಲ್ಲಿ,” ಎಂದರು. ಹಾವು ಸಿಗಲಿಲ್ಲ, ಒಳ್ಳೆಯ ನೀರಿನ ಪಂಪು ಸಿಕ್ಕಿತು. ಡಿಸ್ಟ್ರಿಬ್ಯೂಟರ್ ಮುಚ್ಚಳ ಮಾತ್ರ ಎಲ್ಲಿಯೂ ಇಲ್ಲ. ಹುಬ್ಬಳ್ಳಿಗೆ, ಬೆಳಗಾವಿಗೆ, ಕೊಯಮತ್ತೂರಿಗೆ ಫೋನು ಮಾಡಿ ಸುಸ್ತಾದೆ. ಕಡೆಗೆ ನನಗೇ ಹೊಳೆಯಿತು. ಕರೆಂಟು ಇಲ್ಲದ ಕಾಲದಲ್ಲಿ ಇಂಥ ಲಾರಿಗಳ ಎಂಜಿನ್ನು ಕಳಚಿ ಅಕ್ಕಿ ಗಿರಣಿಗೆ ಹೂಡುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದ. ಸಿದ್ದಾಪುರದ ಕಡೆ ವಿಚಾರಿಸುತ್ತ ಹೋದರೆ, ಕೋಲಸಿರ್ಸಿಯಲ್ಲಿ ಮುಚ್ಚಿಹೋದ ಗಿರಣಿಯೊಂದರ ಮೂಲೆಯಲ್ಲಿ ಅದೇ ಎಂಜಿನ್ನು ತೌಡಿನ ಧೂಳು ಹೊದ್ದು ಕೂತಿತ್ತು. ಗಿರಣಿಯವರು, “ನಮ್ಮದು ಇನ್ನು ಎಂತ ಓಡೂದುಂಟು? ನಿಮ್ಮದಾದ್ರೂ ಓಡ್ಲಿ, ಬಿಚ್ಕೊಳ್ಳಿ,” ಎಂದರು. ಮುಚ್ಚಳ, ಕಾರ್ಬೊರೇಟರು, ಪ್ಲಗ್ಗಿನ ತಂತಿಗಳು ಎಲ್ಲ ಅಲ್ಲೇ ಸಿಕ್ಕವು. ಆ ದಿನ ನಾನೂ ಹುಸೇನಣ್ಣನೂ ದಾರಿಯುದ್ದಕ್ಕೂ ಜಗಳವಾಡಲಿಲ್ಲ.

ಖುಷಿ ಬಹಳ ದಿನ ಉಳಿಯಲಿಲ್ಲ. ಎಂಜಿನ್ನು ಕದಲಲೇ ಇಲ್ಲ. ಮುಂದಿನ ಹ್ಯಾಂಡಲ್ ಹಾಕಿ ಹುಸೇನಣ್ಣ ನೇತು ಬಿದ್ದರು, ಸುಬ್ರಾಯನೂ ಕೈ ಹಾಕಿದ, ಊಹೂಂ. ಪ್ಲಗ್ಗು ಬಿಚ್ಚಿ ನೋಡಿದರೆ ಒಳಗೆಲ್ಲ ಕೊಳಕು ಬಿಳುಪು. ಅಲ್ಯೂಮಿನಿಯಂ ಪಿಸ್ಟನ್ನು ಕೊಳೆತರೆ ಅಂಥ ಬಿಳಿ ಪುಡಿ ಕಟ್ಟುತ್ತದೆ. ಡೀಸೆಲ್ ಸುರಿದು ಕಾದೆವು. ಅಷ್ಟರಲ್ಲಿ ಸಂಜೆ ಸಂಜೆ ಗುಡುಗತೊಡಗಿತ್ತು. ಜೆಸಿಬಿ ಪಕ್ಕದ ಮನೆಯ ಪಾಗಾರದ ಗೋಡೆಯವರೆಗೂ ಬಂದಿತ್ತು. ಅದರ ಸದ್ದು ಕೇಳಿದಾಗಲೆಲ್ಲ ಸಾವಿತ್ರಕ್ಕ ಒಂದು ಸಲ ಕೊಟ್ಟಿಗೆಗೆ ಬಂದು ಹೋಗುತ್ತಿದ್ದರು.

ಹುಸೇನಣ್ಣ ನನ್ನನ್ನು ಆಚೆ ಕರೆದು ಹೇಳಿದರು, “ತಂಗಿ, ಪಿಸ್ಟನ್ ಹಿಡ್ಕೊಂಡುಬಿಟ್ಟಿದೆ. ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಮರದ ತುಂಡು ಇಟ್ಟು ದೊಡ್ಡ ಸುತ್ತಿಗೆಯಲ್ಲಿ ಹೊಡೀಬೇಕು. ಬಿಟ್ರೆ ಬಿಡ್ತು. ಎಂಜಿನ್ನಿನ ಬ್ಲಾಕೇ ಒಡೆದ್ರೆ ಮಾತ್ರ ಗುಜರಿಗೆ ನಾವೇ ಕೊಟ್ಟ ಹಾಗೆ.”

ಸಾವಿತ್ರಕ್ಕನಿಗೆ ಹೇಳಿದೆವು. ಅವರು “ಹೊಡೀಲೇಬೇಕಾ?” ಎಂದಷ್ಟೇ ಕೇಳಿದರು. ಬೇರೆ ದಾರಿ ನಮಗೆ ಕಾಣಲಿಲ್ಲ.

ಹೊಡೆಯುವ ಮೊದಲು ಎಂಜಿನ್ನಿನ ಅಡಿಯಲ್ಲಿ ಆಯಿಲ್ಲು ನಿಲ್ಲುವ ಸಂಪಿನ ನಟ್ಟು ಬಿಚ್ಚಿದೆವು, ಹಳೇ ಆಯಿಲ್ಲು ಇದ್ದರೆ ಹೋಗಲೆಂದು. ನಟ್ಟು ಕೈಗೆ ಬಂತು, ಆಯಿಲ್ಲು ಬರಲಿಲ್ಲ. ಒಂದು ಹನಿಯೂ ಇಲ್ಲ. ನೀರಿಲ್ಲ, ತುಕ್ಕಿನ ಪುಡಿಯೂ ಇಲ್ಲ. ಹುಸೇನಣ್ಣ ತಂತಿ ಹಾಕಿ ಕೆದಕಿದಾಗ ಮೇಣದಂಥ ಒಂದು ಬಿಳಿ ಚೂರು ನನ್ನ ಅಂಗೈ ಮೇಲೆ ಬಿತ್ತು. ಎರಡು ಬೆರಳಿನ ನಡುವೆ ಹಿಡಿದೆ. ಬೆರಳಿನ ಬಿಸಿಗೇ ಅದು ಕರಗಿತು. ಮೂಸಿದೆ. ಹಳೇ ಪೆಟ್ರೋಲಿನ ವಾಸನೆ, ಅದರೊಳಗೆ ಇನ್ನೊಂದು ವಾಸನೆ. ಹುಟ್ಟಿದಾಗಿನಿಂದ ಪ್ರತಿ ಚಳಿಗಾಲ ನನ್ನ ತುಟಿಯ ಮೇಲಿದ್ದ ವಾಸನೆ.

“ಹುಸೇನಣ್ಣ, ಇದು ಮುರುಗಲ ತುಪ್ಪ,” ಎಂದೆ.

ಗಂಗಕ್ಕ ಹಪ್ಪಳ ಬಿಟ್ಟು ಹತ್ತಿರ ಬಂದರು. ನನ್ನ ಅಂಗೈಯಿಂದ ಚೂರು ತೆಗೆದುಕೊಂಡು ತಮ್ಮ ಮುಂಗೈಗೆ ತಿಕ್ಕಿ ನೋಡಿದರು. ಆಮೇಲೆ ಅತ್ತಿಗೆಯತ್ತ ತಿರುಗಿದರು.

“ಅತ್ತಿಗೆ, ಇದು ಆ ತುಪ್ಪನಾ?”

“ಅದೇಯ,” ಎಂದರು ಸಾವಿತ್ರಕ್ಕ.

ಹೆಗಡೇರು ಹಾಸಿಗೆ ಹಿಡಿದಾಗ ಮಾತು ಅರ್ಧ ಬಿದ್ದುಹೋಗಿತ್ತಂತೆ. ಆದರೂ ಲಾರಿಯ ಚಿಂತೆ ಬಿಟ್ಟಿರಲಿಲ್ಲ. ಅದಕ್ಕೆ ಎಣ್ಣೆ ಹಾಕುತ್ತ ಇರು, ತುಕ್ಕು ಹಿಡಿದರೆ ಮುಗಿಯಿತು, ನಾನು ಎದ್ದ ಮೇಲೆ ಬೇಕಾಗುತ್ತದೆ ಎಂದು ಹೆಂಡತಿಗೆ ತೊದಲುತ್ತ ಹೇಳಿದ್ದರು. ಮನೆಯಲ್ಲಿದ್ದ ಆಯಿಲ್ಲಿನ ಡಬ್ಬಿ ಮೊದಲ ವರ್ಷಕ್ಕೇ ಮುಗಿಯಿತು. ಸತ್ತ ಲಾರಿಗೆ ಪೇಟೆಯಿಂದ ಎಣ್ಣೆ ತರಿಸಿ ಎಂದು ಅತ್ತೆಯನ್ನು ಕೇಳುವ ಧೈರ್ಯ ಸೊಸೆಗಿರಲಿಲ್ಲ. ಅವರ ಕೈಯಲ್ಲಿದ್ದದ್ದು ಅಡುಗೆಮನೆ, ಅಡುಗೆಮನೆಯಲ್ಲಿದ್ದದ್ದು ತುಪ್ಪ. ಮುರುಗಲ ಬೀಜ ಒಡೆದು, ಕುಟ್ಟಿ, ಕುದಿಸಿ ತೆಗೆದ ತುಪ್ಪ. ಚರ್ಮ ಒಡೆಯದಂತೆ ಕಾಯುವುದು ಕಬ್ಬಿಣವನ್ನೂ ಕಾಯುತ್ತದೆ ಎಂದು ಅವರು ತಿಳಿದರು. ಪ್ರತಿ ಆಯುಧಪೂಜೆಯ ದಿನ ಎಲ್ಲರೂ ಮಧ್ಯಾಹ್ನ ಉಂಡು ಮಲಗಿದಾಗ ತುಪ್ಪ ಕರಗಿಸಿ ತಂದು, ಗಂಡ ಹಿಂದೆ ತೋರಿಸಿಕೊಟ್ಟಿದ್ದ ಹಾಗೆ ಪ್ಲಗ್ಗು ಬಿಚ್ಚಿ, ಎಲ್ಲ ತೂತುಗಳಿಗೂ, ಮೇಲಿನ ಆಯಿಲ್ ಮುಚ್ಚಳಕ್ಕೂ ಸುರಿಯುತ್ತಿದ್ದರು.

“ಸಂಜೆ ಕೇಳ್ತಿದ್ರು, ಹಾಕಿದ್ಯಾ ಅಂತ,” ಎಂದು ಸಾವಿತ್ರಕ್ಕ ನಮಗೆ ಹೇಳಿದರು. “ಹಾಕಿದೆ ಅಂತಿದ್ದೆ. ಅಷ್ಟಕ್ಕೇ ಸಮಾಧಾನ ಅವರಿಗೆ. ಏನು ಹಾಕಿದೆ ಅಂತ ಕೇಳ್ಲಿಲ್ಲ, ನಾನು ಹೇಳ್ಲೂ ಇಲ್ಲ. ಅವರು ಹೋದಮೇಲೂ ಒಂದು ವರ್ಷ ಹಾಕಿದೆ. ಸಂಜೆ ಕೇಳೋರು ಯಾರೂ ಇರ್ಲಿಲ್ಲ. ಬಿಟ್ಟೆ.”

ಗಂಗಕ್ಕನ ಮುಖ ನೋಡಲಾಗುತ್ತಿರಲಿಲ್ಲ. “ಆಯಿ ಸಾಯವರೆಗೂ ನಿಂಗೆ ಬೈತಿತ್ತು. ಎಂತಕ್ಕೆ ಹೇಳಿದ್ದಿಲ್ಲೆ?” ಎಂದರು.

“ಹೇಳಿದ್ರೆ ಹಾಕಲೆ ಬಿಡ್ತಿತ್ತಾ?”

ನಾನು ಜೋರು ಬಾಯಿಯವಳು, ಒಂದು ಸುಳ್ಳು ಅಪವಾದವನ್ನು ಒಂದು ಹಗಲು ಸಹಿಸಲಾರೆ. ಈಕೆ ತನ್ನ ತವರಿನ ಅಣ್ಣತಮ್ಮಂದಿರ ಹೆಸರೆತ್ತಿ ಆಡಿಕೊಂಡವರ ನಡುವೆ ಹಪ್ಪಳ ಮಗುಚುತ್ತ ಒಂದು ಜೀವಮಾನ ಕಳೆದಿದ್ದರು.

ಹುಸೇನಣ್ಣ ಮಾತ್ರ ಅಷ್ಟರಲ್ಲಿ ಸುತ್ತಿಗೆಯನ್ನು ಜೀಪಿಗೆ ಎಸೆದು ಬಂದಿದ್ದರು. ನಾವು ಕೊಳೆತ ಪಿಸ್ಟನ್ನಿನ ಪುಡಿ ಎಂದುಕೊಂಡದ್ದೂ ಹೆಪ್ಪುಗಟ್ಟಿದ ಈ ತುಪ್ಪವೇ, ಪಿಸ್ಟನ್ನು ಹಿಡಿದಿಟ್ಟದ್ದೂ ಅದೇ. ತುಪ್ಪವಾದರೆ ಹೊಡೆಯುವುದೇಕೆ, ಕಾಯಿಸಿದರಾಯಿತು. ಬೆಂಕಿ ಹಾಕುವಂತಿಲ್ಲ. ಆದರೆ ಎಂಜಿನ್ನಿನ ಸುತ್ತ ನೀರು ಓಡಾಡುವ ದಾರಿಯಿದೆ, ತಂಪು ಮಾಡಲೆಂದು ಇಟ್ಟದ್ದು. ಅದರಲ್ಲಿ ಬಿಸಿನೀರು ಓಡಾಡಬಾರದೆಂದು ಯಾರೂ ಹೇಳಿಲ್ಲ. “ಬಚ್ಚಲಲ್ಲಿ ನೀರು ಕಾದಿದೆಯಾ ಅಮ್ಮ?” ಎಂದರು. ಆ ಮನೆಯ ಬಚ್ಚಲ ಹಂಡೆ ತಣ್ಣಗಾದದ್ದನ್ನು ಯಾರೂ ಕಂಡವರಿಲ್ಲ.

ಮೊದಲ ಕೊಡಪಾನ ಎತ್ತಿಕೊಂಡು ಬಂದವರು ಗಂಗಕ್ಕ. ಸುಬ್ರಾಯ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ತಾವೇ ಸ್ಟೂಲು ಹತ್ತಿ ರೇಡಿಯೇಟರಿಗೆ ಹೊಯ್ದರು. ಕೆಳಗಿನಿಂದ ತಣ್ಣಗಾದದ್ದನ್ನು ಬಿಡುವುದು, ಮೇಲಿನಿಂದ ಬಿಸಿ ಹೊಯ್ಯುವುದು. ಮಧ್ಯಾಹ್ನವೆಲ್ಲ ಅದೇ ಕೆಲಸ. ಅತ್ತಿಗೆ ಒಲೆಗೆ ಕಟ್ಟಿಗೆ ತಳ್ಳುತ್ತಿದ್ದರು, ನಾದಿನಿ ನೀರು ಹೊರುತ್ತಿದ್ದರು. ಸಂಜೆಯ ಹೊತ್ತಿಗೆ ಸಂಪಿನ ತೂತಿನಿಂದ ಒಂದು ಹಳದಿ ಹನಿ ಇಳಿಯಿತು. ಹನಿ ದಾರವಾಯಿತು. ಕೆಳಗಿಟ್ಟ ಬೋಗುಣಿ ತುಂಬಿ, ಇನ್ನೊಂದು ಇಡಬೇಕಾಯಿತು. ಹುಸೇನಣ್ಣ ಹ್ಯಾಂಡಲ್ ಹಾಕಿ ಮೈಭಾರ ಬಿಟ್ಟರು. ಎಂಜಿನ್ನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದಿಷ್ಟು ತಿರುಗಿತು.

ಹೆಡ್ ಬಿಚ್ಚಿ ನೋಡಿದಾಗ ಸಿಲಿಂಡರುಗಳು ಒಳಗೆ ಹೊಳೆಯುತ್ತಿದ್ದವು. ತುಕ್ಕಿನ ಚುಕ್ಕೆಯೂ ಇರಲಿಲ್ಲ. ಅಷ್ಟು ವರ್ಷ ನಿಂತ ಎಂಜಿನ್ನನ್ನು ಹಾಗೆ ನಾನು ಅದಕ್ಕೆ ಮೊದಲು ನೋಡಿಲ್ಲ, ಆಮೇಲೆಯೂ ನೋಡಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವೆ ಹಾಸುವ ಗ್ಯಾಸ್ಕೆಟ್ಟು ಬಿಚ್ಚುವಾಗ ಹರಿಯಿತು, ಬದಲಿ ಸಿಗಲಿಲ್ಲ. ಶಿರಸಿಯಲ್ಲಿ ಹಂಡೆ ಮಾಡುವವರ ಹತ್ತಿರ ತೆಳು ತಾಮ್ರದ ತಗಡಿಗೆ ಅಚ್ಚು ಹಾಕಿ ಕೊರೆಸಿದೆವು. ಒಳಗೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಆಯಿಲ್ಲು ತುಂಬಿ, ಕೋಲಸಿರ್ಸಿಯ ಸಾಮಾನು ಜೋಡಿಸಿ, ಒಂದು ಬೆಳಿಗ್ಗೆ ಹ್ಯಾಂಡಲ್ ಹೊಡೆದರೆ ಲಾರಿ ಕೆಮ್ಮಿತು, ಉಗುಳಿತು, ಹಿಡಿಯಿತು. ಬಿಳಿ ಹೊಗೆ ಕೊಟ್ಟಿಗೆ ತುಂಬಿ ಅಂಗಳಕ್ಕೆ ಇಳಿಯಿತು. ಏನೋ ಕರಿದ ವಾಸನೆ. ಸುಬ್ರಾಯ ಚಿಕ್ಕಂದಿನಲ್ಲಿ ಕೇಳಿದ್ದ ಸದ್ದಂತೆ, ಮುಖ ತಿರುಗಿಸಿಕೊಂಡು ನಿಂತಿದ್ದ. ಸಾವಿತ್ರಕ್ಕ ಬಿಸಿಯಾಗುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಸುಡುವವರೆಗೂ ತೆಗೆಯಲಿಲ್ಲ.

ಹುಬ್ಬಳ್ಳಿಯವರು ಹೊತ್ತೊಯ್ಯುವ ದೊಡ್ಡ ಗಾಡಿ ಕಳಿಸುತ್ತೇನೆಂದರು. ಸಾವಿತ್ರಕ್ಕ ಒಪ್ಪಲಿಲ್ಲ. ಮನೆಯ ಅಂಗಳದಿಂದ ಅದು ಹೊತ್ತುಕೊಂಡು ಹೋಗುವ ವಸ್ತುವಾಗಬಾರದು, ಶಿರಸಿಯವರೆಗಾದರೂ ತನ್ನ ಕಾಲಮೇಲೆ ಹೋಗಲಿ ಎಂದರು. ಹುಸೇನಣ್ಣ ಓಡಿಸಿದರು. ಪಕ್ಕದಲ್ಲಿ ಸಾವಿತ್ರಕ್ಕ ಕೂತರು. “ಆನೂ ಬತ್ತೆ,” ಎಂದು ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಹತ್ತಿದರು. ನಾನು ಸ್ಕೂಟರಿನಲ್ಲಿ ಹಿಂದೆ. ಏರಿನಲ್ಲಿ ಲಾರಿ ನಡೆದು ಹೋಗುವವರಿಗಿಂತ ನಿಧಾನ. ದಾರಿ ಕೆಲಸದವರು ಜೆಸಿಬಿ ನಿಲ್ಲಿಸಿ ಜಾಗ ಬಿಟ್ಟರು. ಕಿಟಕಿಯೊಳಗೆ ಇಬ್ಬರು ಮುದುಕಿಯರ ತಲೆ ಒಂದಕ್ಕೊಂದು ತಾಗಿಕೊಂಡಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಗಂಗಕ್ಕ ಏನೋ ಹೇಳುತ್ತಿದ್ದರು, ಬಹಳ ಹೊತ್ತು ಹೇಳುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಒಂದು ಮಾತೂ ಕೇಳಲಿಲ್ಲ, ಕೇಳಬೇಕಾದದ್ದೂ ಅಲ್ಲ.

ಹುಬ್ಬಳ್ಳಿ ರಸ್ತೆಯಲ್ಲಿ ಸಾಹುಕಾರರು ಕಾಯುತ್ತಿದ್ದರು. ಮೆತ್ತಗಿನ ಮನುಷ್ಯ. ಲಾರಿಯನ್ನು ಸುತ್ತುಹಾಕಿ ನೋಡಿ, ಸಾವಿತ್ರಕ್ಕನ ಮುಂದೆ ಬಂದು ಕೈಮುಗಿದರು. “ಅಕ್ಕಾರ, ಹೆಂಗ ಇಟ್ಟೀರಿ ಇದನ್ನ. ನಾವು ಹೆಂಗ ನೋಡಿಕೊಳ್ಳಬೇಕು, ಏನಾರ ಹೇಳೂದಿದ್ರ ಹೇಳ್ರಿ,” ಎಂದರು.

ತುಪ್ಪದ ಮಾತು ಬರುತ್ತದೆಂದು ನಾನೂ ಹುಸೇನಣ್ಣನೂ ಮುಖ ಮುಖ ನೋಡಿಕೊಂಡೆವು. ಸಾವಿತ್ರಕ್ಕ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು.

“ಓಡಿಸ್ತಾ ಇರಿ,” ಎಂದರು. “ನಿಂತದ್ದನ್ನು ಕಾಯೋದು ಬಹಳ ಕಷ್ಟ.”